ಬಚ್ಚಲಲ್ಲಿ ಕಾದವಳು

ಎಲ್ಲದಕ್ಕೂ ಕಾರಣ ಒಂದು ಹನಿ. ಬಚ್ಚಲಮನೆಯ ಹಳೆಯ ಗೀಸರಿನ ಬುಡದಲ್ಲಿ ಮೂರು ತಿಂಗಳ ಹಿಂದೆ ಅದು ಮೊದಲು ಕಾಣಿಸಿಕೊಂಡಾಗ, ನಮ್ಮ ಮಹಾಶಯ ಅದರ ಕೆಳಗೆ ಒಂದು ಮಗ್ ಇಟ್ಟು, ರಿಪೇರಿ ಆಯಿತೆಂದು ಕೈತೊಳೆದುಕೊಂಡ. ಮಗ್ ಸಾಲದೆ ಹೋದಾಗ ಬಕೆಟ್ ಇಟ್ಟ. ಈ ಭಾನುವಾರ ಬೆಳಿಗ್ಗೆ ಗೀಸರ್ ಒಮ್ಮೆ ಗೊರ್ರೆಂದು ಗಂಟಲು ಸರಿಮಾಡಿಕೊಂಡು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅವನ ತಲೆಯ ಮೇಲೆ ಸುರಿದು ಕಣ್ಣು ಮುಚ್ಚಿತು.

ಅವನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಭದ್ರವಾಗಿದೆ. ಅವನಿರುವ ಮೂರು ಮಹಡಿಯ ಕಟ್ಟಡದಲ್ಲಿ ಎಲ್ಲರೂ ಕರೆಯುವುದು ಅಲ್ಪವಿರಾಮ ಎಂದು. ಯಾವ ಮಾತನ್ನೇ ಆಗಲಿ ಅರ್ಧದಲ್ಲಿ ನಿಲ್ಲಿಸಿ, ಸರಿಯಾದ ಪದಕ್ಕಾಗಿ ಸೂರು ನೋಡುವುದು ಅವನ ಚಾಳಿ. ಅವನಿಗೆ ಪದ ಸಿಗುವಷ್ಟರಲ್ಲಿ ಎದುರಿಗಿದ್ದವರು ತಾವೇ ವಾಕ್ಯ ಮುಗಿಸಿ, ತಮಗೆ ಬೇಕಾದ ಅರ್ಥ ಮಾಡಿಕೊಂಡು, ಮೆಟ್ಟಿಲಿಳಿದು ಹೋಗಿರುತ್ತಾರೆ.

ಅವನು ತಲೆ ಒರೆಸಿಕೊಳ್ಳುತ್ತಿರುವಾಗಲೇ ಹೆಂಡತಿಯ ಫೋನ್ ಬಂತು. ಹೆರಿಗೆಗೆಂದು ತಾಯಿಯ ಮನೆಗೆ ಹೋದವಳು ಐದು ತಿಂಗಳ ಮೇಲೆ ಇವತ್ತು ವಾಪಸ್ಸು ಬರುವವಳು.

"ಸಂಜೆ ಐದಕ್ಕೆಲ್ಲ ಅಲ್ಲಿರ್ತೀವಿ. ಬಿಸಿನೀರು ಬರುತ್ತೆ ತಾನೆ?"

"ಬರುತ್ತೆ," ಎಂದು ಅವನು ನಿಲ್ಲಿಸಿದ. 'ಹೊಸ ಗೀಸರ್ ಹಾಕಿಸಿದ ಮೇಲೆ' ಎಂಬ ಉಳಿದ ಭಾಗ ಇನ್ನೂ ನಾಲಿಗೆಯ ಮೇಲೆ ಬಂದಿರಲಿಲ್ಲ.

"ಸರಿ. ಮಗುಗೆ ನೆಗಡಿ ಆಗಿದೆ. ಬಂದ ತಕ್ಷಣ ಬೆಚ್ಚಗೆ ನೀರು ಹಾಕ್ಬೇಕು. ಮನೇಲಿ ಏನಾದ್ರೂ ಎಡವಟ್ಟು ಮಾಡಿಟ್ಟಿದ್ರೆ ಬಂದ ಕಾರಲ್ಲೇ ತಿರುಗಿ ಹೋಗ್ತೀನಿ, ಈಗ್ಲೇ ಹೇಳಿದೀನಿ," ಎಂದು ಅವಳು ಫೋನ್ ಇಟ್ಟಳು.

ಅವಳು ಹೇಳಿದರೆ ಹೇಳಿದ ಹಾಗೆ ಮಾಡುವವಳು. ಮಗಳನ್ನು ಅವನು ನೋಡಿದ್ದು ಎರಡೇ ಸಲ, ಅದೂ ದೂರದಿಂದ. ಕೈ ನಡುಗುತ್ತದೆ ಎಂದು ಯಾರೂ ಅವನ ಕೈಗೆ ಮಗು ಕೊಟ್ಟಿರಲಿಲ್ಲ. ಈ ಐದು ತಿಂಗಳು ದಿನಾ ಸಂಜೆ ಖಾಲಿ ಮನೆಗೆ ಬಂದು, ಖಾಲಿ ತೊಟ್ಟಿಲನ್ನು ಒಮ್ಮೆ ತೂಗಿ ಮಲಗಿದ್ದಾನೆ. ಇನ್ನೊಂದು ವಾರವೂ ಹಾಗೆ ಕಳೆಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಅಂಗಡಿಯವನ ಬಾಗಿಲು ತಟ್ಟಿ, ಭಾನುವಾರ ಎಂದು ಗೊಣಗಿದವನನ್ನು ಗೋಗರೆದು, ಹನ್ನೊಂದು ಗಂಟೆಗೆಲ್ಲ ಹೊಸ ಗೀಸರನ್ನೂ ಅದನ್ನು ಕೂರಿಸುವ ಫಿಟ್ಟರನನ್ನೂ ಮನೆಗೆ ತಂದ. ಫಿಟ್ಟರ್ ಬಾಯಲ್ಲಿ ಆರು ಸ್ಕ್ರೂ ಕಚ್ಚಿಕೊಂಡೇ ಕೆಲಸ ಮಾಡುವವನು, ಕಚ್ಚಿಕೊಂಡೇ ಮಾತಾಡುವವನು. ಹಳೆಯದನ್ನು ಇಳಿಸಿ, ಹೊಸದನ್ನು ಏರಿಸಿ, ಪೈಪು ಬಿಗಿದು, ಗೋಡೆಗೆ ಕಿವಿಯಿಟ್ಟು ಕೇಳಿದ. ಯಾಕೋ ಒಂದು ಗಳಿಗೆ ಹೆಚ್ಚೇ ಕೇಳಿದ.

"ಒಂದ್ ಸಾಮಾನು ಬಾಕಿ ಇದೆ ಸಾರ್. ಅಂಗಡೀಲೇ ಬಿಟ್ಟು ಬಂದಿದೀನಿ. ಸಂಜೆ ತಂದು ಹಾಕ್ತೀನಿ. ಅದಿಲ್ದಿದ್ರೂ ಕಾಯುತ್ತೆ, ಯೋಚ್ನೆ ಮಾಡ್ಬೇಡಿ."

"ಯಾವ ಸಾಮಾನು," ಎಂದು ಅಲ್ಪವಿರಾಮ ಕೇಳಿ ಮುಗಿಸುವ ಮುನ್ನ ಫಿಟ್ಟರ್ ಬೀದಿಯಲ್ಲಿದ್ದ.

ಅವನು ಸ್ವಿಚ್ ಹಾಕಿ, ಬಚ್ಚಲಮನೆಯ ಬಾಗಿಲು ಮುಂದೆ ಮಾಡಿ, ತೊಟ್ಟಿಲಿನ ಧೂಳು ಒರೆಸಲು ಕೂತ. ಮನೆ ನಿಶ್ಶಬ್ದವಾಗಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಆಗ ಬಚ್ಚಲಿನೊಳಗಿಂದ ಒಂದು ಹೆಣ್ಣುದನಿ ಬಂತು. ಅವಸರವಿಲ್ಲದ, ತಗ್ಗಿದ ದನಿ.

"ನಮಸ್ಕಾರ. ನಾನು ಬಂದಿದ್ದೇನೆ."

ಅಲ್ಪವಿರಾಮನ ಕೈಯ ಬಟ್ಟೆ ಜಾರಿತು. ಪಕ್ಕದ ಮನೆಯ ಟೀವಿ ಎಂದು ತನಗೆ ತಾನೇ ಹೇಳಿಕೊಂಡ. ಪಕ್ಕದ ಮನೆಯವರು ಊರಲ್ಲಿಲ್ಲ ಎಂಬುದು ಮರುಕ್ಷಣ ನೆನಪಾಯಿತು.

"ನಾನು ಕಾಯುತ್ತಿದ್ದೇನೆ," ಎಂದಿತು ದನಿ.

ಕಾಯುವುದೆಂದರೆ ಯಾರನ್ನು? ತುದಿಗಾಲಲ್ಲಿ ಹೋಗಿ ಬಾಗಿಲ ಸಂದಿಗೆ ಕಣ್ಣಿಟ್ಟ. ಒಳಗೆ ತೆಳ್ಳಗೆ ಹಬೆ ಆಡುತ್ತಿತ್ತು. ಕನ್ನಡಿ ಮಂಜಾಗಿತ್ತು. ನಲ್ಲಿ ತಿರುಗಿಸಿದವರಿಲ್ಲ, ನೀರು ಸುರಿದ ಸದ್ದಿಲ್ಲ.

"ಯಾರು," ಎಂದ ಅಲ್ಪವಿರಾಮ. ಮುಂದಿನ ಪದ ಸಿಗಲಿಲ್ಲ.

"ನಾನು ಸಿದ್ಧಳಿದ್ದೇನೆ. ಬನ್ನಿ."

ಅವನು ಬಂದದ್ದು ನೇರ ಮನೆಯ ಹೊರಗೆ, ಒಂದೇ ಚಪ್ಪಲಿಯಲ್ಲಿ. ಅಲ್ಲಿ ಎದುರುಮನೆಯ ದೊಡ್ಡಮ್ಮ ಆಗಲೇ ನಿಂತಿದ್ದಳು. ಆಕೆ ಯಾರಿಗೂ ದೊಡ್ಡಮ್ಮನಲ್ಲ, ಇಡೀ ಕಟ್ಟಡಕ್ಕೇ ದೊಡ್ಡಮ್ಮ. ಯಾರ ಮನೆಯಲ್ಲಿ ಸೂಜಿ ಬಿದ್ದರೂ ಎತ್ತಿಕೊಡಲು ಬರುವಷ್ಟು ಚುರುಕು ಕಿವಿ.

"ಹೆಂಡ್ತಿ ಬರೋದು ಸಂಜೆಗಲ್ವೇನಪ್ಪ? ಮತ್ತೆ ಒಳಗೆ ಯಾರೋ ಹೆಂಗಸು 'ಬನ್ನಿ' ಅಂತಿದಾಳೆ?"

"ದೊಡ್ಡಮ್ಮ, ಒಳಗೆ ಇರೋದು ಹೆಂಗಸಲ್ಲ,"

"ಹೆಂಗಸಲ್ದೆ ಇನ್ನೇನು ಗಂಡಸಾ? ನನ್ನ ಕಿವಿಗೆ ಏನಾಗಿದೆ!" ಎಂದವಳೇ ಅವನನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿದಳು. ಬಚ್ಚಲ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೇ ತಡ, ಒಳಗಿಂದ ದನಿ ಸ್ಪಷ್ಟವಾಗಿ ಹೇಳಿತು:

"ನನ್ನನ್ನು ಮುಟ್ಟಬೇಡಿ."

ದೊಡ್ಡಮ್ಮ ಚಿಲಕ ಬಿಟ್ಟಳು. ತಿರುಗಿ ಅಲ್ಪವಿರಾಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಛೀ! ಹಸುಗೂಸು ಬರೋ ಮನೆ ಕಣೋ ಇದು. ಯಾರ ಮನೆ ಮಗಳನ್ನ ಕೂಡಿಹಾಕಿದೀಯ?" ಎಂದು ಮೆಟ್ಟಿಲ ಬಳಿ ಹೋಗಿ, "ಮೇಷ್ಟ್ರೇ!" ಎಂದು ಕೂಗಿದಳು.

ಕೆಳಮನೆಯ ಹೆಡ್ಮಾಸ್ಟರರು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ದೆವ್ವ, ಭೂತ, ಅದೃಷ್ಟ ಯಾವುದನ್ನೂ ನಂಬದವರು. ತಮ್ಮ ಹೆಂಡತಿಯ ತಲೆನೋವನ್ನೂ ನಂಬುತ್ತಿರಲಿಲ್ಲ. ಕನ್ನಡಕ ಏರಿಸಿಕೊಂಡು ಬಂದು, ಎರಡೂ ಕಡೆಯ ವಾದ ಕೇಳಿ, ಬಚ್ಚಲ ಬಾಗಿಲನ್ನು ಮೆಲ್ಲಗೆ ತಟ್ಟಿದರು.

"ಹೆದರ್ಬೇಡ ತಾಯಿ. ನಾನು ಹಿರಿಯ. ಏನಾಯ್ತು ಹೇಳು."

ಒಳಗಿಂದ ದನಿ ಬಂತು. ಈ ಸಲ ಅದರಲ್ಲಿ ಒಂದು ಬಗೆಯ ದಣಿವಿತ್ತು.

"ನಾನು ತಣ್ಣಗಾದೆ."

ಮೇಷ್ಟರ ಕೈ ಬಾಗಿಲ ಮೇಲೇ ನಿಂತಿತು. ಮುಖ ಸುಣ್ಣದ ಗೋಡೆಯಾಯಿತು. ಆದರೂ ಮೂವತ್ತು ವರ್ಷ ಪ್ರಶ್ನೆ ಕೇಳಿದ ನಾಲಿಗೆ ಸುಮ್ಮನಿರಲಾರದೆ, ಪಿಸುದನಿಯಲ್ಲಿ ಕೇಳಿತು: "ಯಾ... ಯಾವಾಗಮ್ಮ?"

ದೊಡ್ಡಮ್ಮ ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತಳು. ಅಷ್ಟರಲ್ಲಿ ಬಾಗಿಲು, ಯಾರೂ ಮುಟ್ಟದೆ, ಕಿರ್ರೆಂದು ಒಂದು ಗೇಣು ತೆರೆದುಕೊಂಡಿತು. ಒಳಗೆ ಯಾರೂ ಇರಲಿಲ್ಲ. ಒದ್ದೆ ನೆಲ, ಬಕೆಟ್, ಮಗುವಿಗೆಂದು ತಂದಿಟ್ಟ ಪುಟ್ಟ ಹಳದಿ ಟಬ್ಬು. ಮೇಲೆ ಗೋಡೆಗಂಟಿಕೊಂಡು ಬಿಳಿಯ ಗೀಸರ್, ಅದರ ಹಣೆಯಲ್ಲಿ ಒಂದೇ ಒಂದು ಕೆಂಪು ದೀಪ.

ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡುಮನೆಗೆ ಬಂದರು. ಗಂಟೆ ನಾಲ್ಕೂವರೆ. ಐದಕ್ಕೆ ಹೆಂಡತಿ ಬರುತ್ತಾಳೆ. ಅವಳಿಗೆ ಏನು ಹೇಳುವುದು? ಒಳಗೆ ಒಬ್ಬಳಿದ್ದಾಳೆ ಎಂದರೂ ಕೆಟ್ಟೆ, ಇಲ್ಲ ಎಂದರೂ ಕೆಟ್ಟೆ. ಅಲ್ಪವಿರಾಮ ತಲೆ ಹಿಡಿದುಕೊಂಡು, ಗೀಸರ್ ಬಂದಿದ್ದ ರಟ್ಟಿನ ಡಬ್ಬದ ಮೇಲೆ ಕುಸಿದ. ಡಬ್ಬ ಕುಸಿಯಿತು. ಅದರೊಳಗಿಂದ ಒಂದು ಚಿಕ್ಕ ಪುಸ್ತಕ ಹೊರಗೆ ಬಿತ್ತು.

ಅಚ್ಚಾದದ್ದು ಏನು ಕಂಡರೂ ಓದುವ ರೋಗ ಅವನಿಗೆ. ಬಿಡಿಸಿದ. ನಾಲ್ಕನೆಯ ಪುಟದಲ್ಲಿ ಹೀಗಿತ್ತು: 'ಇದು ಮಾತನಾಡುವ ಗೀಸರ್. ಇದರ ಐದು ಮಾತುಗಳು. ವಿದ್ಯುತ್ ಬಂದಾಗ: ನಮಸ್ಕಾರ, ನಾನು ಬಂದಿದ್ದೇನೆ. ನೀರು ಬಿಸಿಯಾಗುವಾಗ: ನಾನು ಕಾಯುತ್ತಿದ್ದೇನೆ. ಬಿಸಿಯಾದ ಮೇಲೆ: ನಾನು ಸಿದ್ಧಳಿದ್ದೇನೆ, ಬನ್ನಿ. ಅತಿ ಬಿಸಿಯಾದಾಗ: ನನ್ನನ್ನು ಮುಟ್ಟಬೇಡಿ. ಆರಿದಾಗ: ನಾನು ತಣ್ಣಗಾದೆ.'

ಅಲ್ಪವಿರಾಮ ಎದ್ದುನಿಂತ. ಅವನ ಮುಖದ ಮೇಲೆ ಬೆಳಕು, ಅದರ ಹಿಂದೆಯೇ ನಾಚಿಕೆ. ಈ ಪುಸ್ತಕದ ಕರಡು ತಿದ್ದಿದವನು ಅವನೇ! ತಿಂಗಳಿಗೆ ನಲವತ್ತು ಕೈಪಿಡಿ ಅವನ ಮೇಜಿನ ಮೇಲೆ ಹಾದುಹೋಗುತ್ತವೆ. ಅವನು ನೋಡುವುದು ಅಕ್ಷರವನ್ನು, ಅರ್ಥವನ್ನಲ್ಲ. ಅನುವಾದಕ ಪಾಪ 'ನೀರು ಬಿಸಿಯಾಗುತ್ತಿದೆ' ಎಂದೇ ಬರೆದಿದ್ದ. ಉಳಿದ ನಾಲ್ಕು ವಾಕ್ಯಗಳು 'ನಾನು' ಎಂದಿರುವಾಗ ಇದೊಂದು ಯಾಕೆ ಬೇರೆ ಎಂದು, ಏಕರೂಪತೆಗಾಗಿ, ಕೆಂಪು ಶಾಯಿಯಲ್ಲಿ 'ನಾನು ಕಾಯುತ್ತಿದ್ದೇನೆ' ಎಂದು ತಿದ್ದಿದ್ದು ಇದೇ ಕೈ. ಅದನ್ನೇ ಯಾರೋ ಒಬ್ಬಳ ಕೈಲಿ ಓದಿಸಿದ್ದಾರೆ.

"ನೀರು ಕಾಯೋದು ಅಂತಲೇ ನನಗೂ ಅನ್ನಿಸಿತ್ತು," ಎಂದರು ಮೇಷ್ಟರು, ಬೆವರು ಒರೆಸಿಕೊಳ್ಳುತ್ತಾ.

"ಹೌದೌದು. ಅದಕ್ಕೇ 'ಯಾವಾಗಮ್ಮ' ಅಂದ್ರಿ," ಎಂದಳು ದೊಡ್ಡಮ್ಮ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಐದಕ್ಕೆ ಸರಿಯಾಗಿ ಕಾರು ಬಂತು. ಓಡಿಸಿಕೊಂಡು ಬಂದಿದ್ದ ಭಾವಮೈದುನ, ಅಕ್ಕನ ಸ್ವಭಾವ ಬಲ್ಲವನಾದ್ದರಿಂದ, ಇಂಜಿನ್ ಆರಿಸದೆ ಕೆಳಗೇ ಕೂತ. ಹೆಂಡತಿ ಮೇಲೆ ಬಂದವಳು ಮೂವರ ನಗು ನೋಡಿ ಹುಬ್ಬು ಗಂಟಿಕ್ಕಿದಳು. ದೊಡ್ಡಮ್ಮ ಕೈಕಾಲು ಸೇರಿಸಿ ಕಥೆ ಹೇಳಿದಳು. ಪುಸ್ತಕದ ನಾಲ್ಕನೆಯ ಪುಟ ಸಾಕ್ಷಿಗೆ ಬಂತು. ಗೀಸರೂ ಒಳಗಿಂದ ಸಮಯಕ್ಕೆ ಸರಿಯಾಗಿ "ನಾನು ಕಾಯುತ್ತಿದ್ದೇನೆ" ಎಂದಿತು.

ಹೆಂಡತಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿಮ್ಮ ತಿದ್ದುಪಡಿಗಿಷ್ಟು ಬೆಂಕಿ ಬೀಳ! ತಗೊಳ್ಳಿ, ಸ್ವಲ್ಪ ಹಿಡ್ಕೊಳ್ಳಿ," ಎಂದು ಮಗುವನ್ನು ಅವನ ತೋಳಿಗೆ ಕೊಟ್ಟಳು. ಅವನ ಕೈ ನಡುಗಲಿಲ್ಲ. ಮಗಳು ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡಳು. ಅಷ್ಟು ಸಂತೋಷ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಆಗ ಬಾಗಿಲಲ್ಲಿ ಫಿಟ್ಟರ್ ಕಾಣಿಸಿಕೊಂಡ. ಬಾಯಲ್ಲಿ ಎರಡು ಸ್ಕ್ರೂ, ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿಯ ಡಬ್ಬಿ.

"ತಡವಾಯ್ತು ಸಾರ್. ಬೆಳಿಗ್ಗೆ ಹೇಳಿದ್ನಲ್ಲ, ಬಾಕಿ ಸಾಮಾನು."

"ಏನಪ್ಪ ಅದು?" ಎಂದಳು ಹೆಂಡತಿ, ಇನ್ನೂ ನಗುತ್ತಲೇ.

"ಮಾತಾಡೋ ಡಬ್ಬಿ ಅಮ್ಮ. ಗೀಸರ್ ಮಾತಾಡೋದು ಇದರಿಂದ್ಲೇ. ಇದು ಹಾಕೋವರೆಗೂ ಅದು ಮೂಗಿ."

ಮೇಷ್ಟರು ಡಬ್ಬಿಯನ್ನು ನೋಡಿದರು, ಪುಸ್ತಕವನ್ನು ನೋಡಿದರು. ದೊಡ್ಡಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು.

"ಹಾಗಾದ್ರೆ," ಎಂದ ಅಲ್ಪವಿರಾಮ.

"ಮಧ್ಯಾಹ್ನದಿಂದ ಮಾತಾಡಿದ್ದು ಯಾರು?" ಎಂದು ಹೆಂಡತಿ ಅವನ ವಾಕ್ಯ ಮುಗಿಸಿದಳು.

ಬಚ್ಚಲಿನ ಬಾಗಿಲು ಕಿರ್ರೆಂದಿತು. ಹಬೆಯ ಒಂದು ಎಳೆ ನಡುಮನೆಯವರೆಗೆ ಬಂತು. ದನಿ ಈಗ ಪುಸ್ತಕದ ಭಾಷೆ ಬಿಟ್ಟಿತ್ತು. ಮನೆಯವಳ ಹಾಗೆ ಸಲೀಸಾಗಿ, ಅಕ್ಕರೆಯಿಂದ ಕೇಳಿತು:

"ಮಗು ಬಂತಾ? ಇನ್ನೆಷ್ಟು ಹೊತ್ತು ಕಾಯಿಸ್ತೀರಿ? ಕರ್ಕೊಂಡ್ಬನ್ನಿ ಒಳಗೆ."

ಆಮೇಲಿನದು ನಡೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೆಂಡತಿ ಮಗುವನ್ನು ಕಸಿದುಕೊಂಡು ಮೆಟ್ಟಿಲಿಳಿದಳು. ಅವಳ ಹಿಂದೆ ದೊಡ್ಡಮ್ಮ, ಅವಳನ್ನು ದಾಟಿಕೊಂಡು ವಿಜ್ಞಾನದ ಮೇಷ್ಟರು, ಎಲ್ಲರಿಗಿಂತ ಮುಂದೆ ಫಿಟ್ಟರ್. ಅಲ್ಪವಿರಾಮ "ನಿಲ್ಲು, ನಾನೂ," ಎನ್ನುತ್ತಾ ಬಾಗಿಲವರೆಗೆ ಓಡಿದ. ಆ 'ನಾನೂ' ಮುಂದುವರಿಯುವಷ್ಟರಲ್ಲಿ, ಆರಿಸದೆ ಇಟ್ಟಿದ್ದ ಕಾರು ತಿರುವು ದಾಟಿತ್ತು. ನೆಲದ ಮೇಲೆ ಎರಡು ಸ್ಕ್ರೂ, ಒಂದು ಕರಿಯ ಡಬ್ಬಿ. ಅವನ ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು, ಮಗಳ ಮುಷ್ಟಿಯಲ್ಲಿ.

ಅವನು ಹೊಸ್ತಿಲ ಮೇಲೆ ನಿಂತೇ ಇದ್ದ. ಇಡೀ ಕಟ್ಟಡದಲ್ಲಿ ಎಲ್ಲೆಡೆ ಚಿಲಕ ಹಾಕಿಕೊಳ್ಳುವ ಸದ್ದು ಕೇಳಿಸಿತು.

"ಹೋದ್ರಾ?" ಎಂದಿತು ದನಿ.

ಕೇಳಿದ ಪ್ರಶ್ನೆಗೆ ಉತ್ತರಿಸದೆ ಇರುವುದು ಅವನಿಗೆ ಗೊತ್ತಿರಲಿಲ್ಲ.

"ಹೋದ್ರು," ಎಂದು, ಮುಂದಿನ ಪದಕ್ಕಾಗಿ ಸೂರು ನೋಡುತ್ತಾ ನಿಂತ.

"ಇನ್ನು ನಾವಿಬ್ರೇ," ಎಂದು ಬಚ್ಚಲಿನಿಂದ ಅವನ ವಾಕ್ಯ ಮುಗಿಯಿತು. "ಬನ್ನಿ, ನೀರು ಆರುತ್ತೆ."