ಗಾಳಿಯಲ್ಲಿ ಗಂಡನ ಹೆಸರು

"ಎಂಥಾ ಗಾಳಿ ಬರಲಿ, ಎಂಥಾ ಮಳಿ ಬರಲಿ, ನನ್ನ ರೇಡಿಯೊ ಒಂದು ಗಳಿಗಿ ಸೈತ ಬಾಯಿ ಮುಚ್ಚಂಗಿಲ್ಲ!" ಎಂದು ಸೂಗಮ್ಮ ಬೆಳಿಗ್ಗೆಯೇ ಘೋಷಿಸಿಬಿಟ್ಟಳು.

ರೊಟ್ಟಿ ಮುರಿಯುತ್ತಿದ್ದ ಗಂಡ ಗುರುಶಾಂತ ತಲೆ ಎತ್ತಲಿಲ್ಲ. "ಅಂದ್ರ ನಿನ್ನ ಕಡಿಂದನೇ ಕಲತದ."

ಸೂಗಮ್ಮ ಬಸವಕಲ್ಯಾಣದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸ್ ಪಡೆದು, ಅಡುಗೆಮನೆಯ ಪಕ್ಕದ ಕಾಳಿನ ಕೋಣೆಯಲ್ಲಿ ಹವ್ಯಾಸಿ ರೇಡಿಯೊ ಕೇಂದ್ರವನ್ನು ಪ್ರತಿಷ್ಠಾಪಿಸಿದ್ದಳು. ಕೇಂದ್ರವೆಂದರೆ ಒಂದು ಪೆಟ್ಟಿಗೆ, ಒಂದು ಮೈಕು, ಒಂದು ಬ್ಯಾಟರಿ. ಮಾಳಿಗೆಯ ಮೇಲೆ ಕಬ್ಬಿಣದ ಕಂಬ. ಅದರಿಂದ ಎರಡೂ ಕಡೆಯ ಮೋಟುಗೋಡೆಗೆ ಹಗ್ಗ ಹಾಕಿ ಎಳೆದು ಕಟ್ಟಿದ ಬರಿಯ ತಾಮ್ರದ ತಂತಿ. ಅಷ್ಟರಿಂದಲೇ ಹುಮನಾಬಾದು, ಕಲಬುರಗಿ, ಸೊಲ್ಲಾಪುರದ ಹವ್ಯಾಸಿಗಳೊಂದಿಗೆ ಅವಳ ದರಬಾರು ನಡೆಯುತ್ತಿತ್ತು. ಮೊಬೈಲು ಸತ್ತರೂ ತನ್ನ ಪೆಟ್ಟಿಗೆ ಬದುಕಿರುತ್ತದೆ ಎಂಬುದು ಅವಳ ಹೆಮ್ಮೆ. ಗುರುಶಾಂತನಿಗೆ ಮಾತ್ರ ಅದು ಬಟ್ಟೆ ಒಣಹಾಕಲೂ ಬಾರದ ದಂಡದ ತಂತಿ!

ಅಂದು ಅವನು ತನ್ನ ಕಿರಾಣಿ ಅಂಗಡಿಗೆ ತೊಗರಿಬೇಳೆ ನೋಡಿಬರಲು ಬಸ್ಸು ಹತ್ತಿ ಹುಮನಾಬಾದಿಗೆ ಹೋದ. ಮಧ್ಯಾಹ್ನ ಇಳಿಯುವಷ್ಟರಲ್ಲಿ ಮುಗಿಲು ಕರ್ರಗಾಯಿತು. ಗಾಳಿ ಎದ್ದ ರಭಸಕ್ಕೆ ಓಣಿಯಾಚೆಯ ದನದ ಕೊಟ್ಟಿಗೆಯ ತಗಡು ಹಾರಿ ಬೇವಿನ ಮರವೇರಿ ಕೂತಿತು. ಹಿಂದೆಯೇ ಮಳೆ. ಕರೆಂಟು ಹೋಯಿತು. ಮೊಬೈಲಿನ ಸಿಗ್ನಲ್ಲು ನೋಡನೋಡುತ್ತಲೇ ಮಾಯವಾಯಿತು. ಸೂಗಮ್ಮ ಸೆರಗು ಸಿಗಿಸಿ ಪೆಟ್ಟಿಗೆಯ ಮುಂದೆ ಕೂತಳು. ಅವಳ ಕಾಲ ಬಂದಿತ್ತು!

ಮೊದಲು ಬಂದದ್ದು ಹುಮನಾಬಾದಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ವಸೀಮನ ದನಿ. "ಮೇಡಂ, ಹೈವೇದಾಗ ಗಿಡಾ ಬಿದ್ದಾವ್ರಿ. ಕಲ್ಯಾಣಕ್ಕ ಹೊಂಟ ಒಂದು ಬಸ್ಸು ರಸ್ತಾ ಬಿಟ್ಟು ಹೊಲದಾಗ ಇಳದದ ಅಂತಾರ. ಓವರ್."

ಸೂಗಮ್ಮ ಮೈಕಿನ ಗುಂಡಿ ಒತ್ತಿದಳು. "ವಸೀಮ್, ನಮ್ಮ ಮನಿಯವ್ರು ಅದೇ ಬಸ್ಸಿನಾಗ ಇದ್ದಿರಬೇಕ್ರಿ! ಜರಾ ತಪಾಸ ಮಾಡ್ರಿ! ಓವರ್."

"ಅವರ ಹೆಸರೇನ್ರಿ?"

ಸೂಗಮ್ಮ ತಡವರಿಸಿದಳು. ಮದುವೆಯಾದಾಗಿನಿಂದ ಆ ಹೆಸರು ಅವಳ ಬಾಯಿಂದ ಹೊರಬಂದಿರಲಿಲ್ಲ. ಕಚೇರಿಯವರು ಕೇಳಿದರೂ ಆಧಾರ್ ಕಾರ್ಡು ಮುಂದೆ ಚಾಚುತ್ತಿದ್ದಳು. ವಿಜ್ಞಾನದ ಪಾಠ ಬೇರೆ, ಅತ್ತೆಯ ಪಾಠ ಬೇರೆ! ಈಗ ಕಣ್ಣು ಮುಚ್ಚಿ ಅಂದುಬಿಟ್ಟಳು: "ಗುರುಶಾಂತ!"

ಪೆಟ್ಟಿಗೆಯ ಮೀಟರಿನ ಸೂಜಿ ಗಕ್ಕನೆ ಜಿಗಿಯಿತು. ಮಾಳಿಗೆಯ ಮೇಲೆ ಏನೋ ಧಡ್ ಎಂದಿತು. ಗಾಳಿಯ ಹಾವಳಿ ಅಂದುಕೊಂಡಳು.

"ದನಿ ತುಂಡು ತುಂಡಾಗಿ ಬರಾಕತ್ತದ್ರಿ. ಇನ್ನೊಮ್ಮಿ ಹೇಳ್ರಿ."

"ಗುರುಶಾಂತ! ಗು-ರು-ಶಾಂ-ತ!"

ಧಡ್, ಧಡ್, ಧಡ್, ಧಡ್! ಸೂಜಿಗೆ ಮೈಮೇಲೆ ದೇವರು ಬಂದಂತಿತ್ತು. ತಂತಿ ನೆನೆದು ಸಿಗ್ನಲ್ಲು ಸೊರಗಿದೆ ಎಂದು ಅವಳು ಪವರನ್ನು ಪೂರ್ತಿ ಏರಿಸಿದಳು.

ನಡುವೆ ಕಲಬುರಗಿಯ ಹವ್ಯಾಸಿ ಅಜೀತ ಬಾಯಿ ಹಾಕಿದ. "ಗುರ್ತು ಹೇಳ್ರಿ ಮೇಡಂ. ನಾವೂ ಆ ಕಡಿ ಮಂದಿಗಿ ಸುದ್ದಿ ಮುಟ್ಟಸ್ತೀವಿ."

"ತಲ್ಯಾಗ ಕೂದಲಿಲ್ಲ. ಹೊಟ್ಟಿ ಮುಂದ ಬಂದದ. ಯಾರ ಮಾತೂ ಕೇಳಂಗಿಲ್ಲ!" ಪ್ರತಿ ಮಾತಿಗೂ ಮೇಲೆ ಧಡ್!

ಅಷ್ಟರಲ್ಲಿ ಕಿಟಕಿ ಬೆಳ್ಳಗಾಗಿ, ಮನೆಯೇ ನಡುಗುವಂತೆ ಗುಡುಗಿತು. ಸಿಡಿಲು ಹತ್ತಿರ ಬಂದರೆ ತಂತಿಯನ್ನು ಪೆಟ್ಟಿಗೆಯಿಂದ ಕಿತ್ತುಬಿಡಬೇಕು. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಟ್ಟವಳೇ ಅವಳು. ಕೈ ಚಾಚಿದಳು. ಕಿತ್ತರೆ ಗಂಡನ ಸುದ್ದಿ ಬರುವ ದಾರಿ ಇದೊಂದೂ ಹೋಗುತ್ತದೆ. ಕೈ ಹಿಂದಕ್ಕೆ ಬಂತು.

"ಮೇಡಂ," ವಸೀಮನ ದನಿ ಇಳಿದಿತ್ತು, "ಬಸ್ಸಿನಾಗಿಂದ ಒಬ್ಬರ್ನ ದವಾಖಾನಿಗಿ ಒಯ್ದಾರಂತ್ರಿ. ಬೋಳತಲಿ ಅಂತ."

ಸೂಗಮ್ಮ ಮೈಕಿಗೆ ಬಾಯಿ ಹಚ್ಚಿದಳು. ಮಾತು ಮುಗಿಸುವ ಓವರ್ ಇಲ್ಲ, ಗೀವರ್ ಇಲ್ಲ, ಒತ್ತಿದ ಗುಂಡಿ ಬಿಡಲೇ ಇಲ್ಲ. "ಗುರುಶಾಂತ ಅಂತ ಕರೀರಿ! ಓ ಅಂತಾರೇನು ನೋಡ್ರಿ! ಗುರುಶಾಂತ! ಗುರುಶಾಂತ!" ಮೇಲೆ ಧಡಧಡ ಎಡೆಬಿಡದೆ ನಡೆಯಿತು.

ಬಾಗಿಲು ದಬ್ಬಿಕೊಂಡು ಎದುರು ಮನೆಯ ಕರೀಮಾ ಒಳನುಗ್ಗಿದಳು. ತಲೆಯ ಮೇಲೆ ಗೋಣಿಚೀಲ, ಮೈಯೆಲ್ಲ ನೀರು. "ಭಾಭಿ! ಭಾಯಿಸಾಬ್ ನಿಮ್ಮ ಮಾಳಿಗಿ ಮ್ಯಾಲ ಕುಣಿಯಾಕತ್ತಾರ! ಖಿಡಕ್ಯಾಗಿಂದ ನೋಡಾಕತ್ತೀನಿ, ನಿಲ್ಲವಲ್ಲರು!"

ಸೂಗಮ್ಮ ಮೈಕು ಒಗೆದು, ತಂತಿ ಕಿತ್ತು, ಮೆಟ್ಟಿಲೇರಿ ಓಡಿದಳು. ಹಿಂದೆಯೇ ಕರೀಮಾ.

ತಂತಿಯ ಒಂದು ತುದಿಯ ಹಗ್ಗ ಹರಿದಿತ್ತು. ಆ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೋಟುಗೋಡೆಗೆ ಕಾಲು ಕೊಟ್ಟು, ಗುರುಶಾಂತ ಹಿಂದಕ್ಕೆ ಜಗ್ಗಿ ನಿಂತಿದ್ದ. ಕೈಗೆ ಸುತ್ತಿದ ಟವೆಲ್ಲು ತೊಯ್ದು ತೊಪ್ಪೆಯಾಗಿತ್ತು. ಗೋಡೆಯಾಚೆ, ಓಣಿಯ ಕರೆಂಟಿನ ತಂತಿಗಳು.

ಅವನು ಮುಂಚಿನ ಬಸ್ಸಿಗೇ ಬಂದಿಳಿದಿದ್ದ. ಓಣಿಯಿಂದಲೇ ಹರಿದ ತುದಿ ಕರೆಂಟಿನ ತಂತಿಯತ್ತ ಜೋಲುತ್ತಿರುವುದನ್ನು ಕಂಡು, ಹೊರಗಿನ ಮೆಟ್ಟಿಲು ಹತ್ತಿ ಹಿಡಿದುಕೊಂಡಿದ್ದ. ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಕೆಳಗೆ ಹೆಂಡತಿ ಮೈಕು ಹಿಡಿದು ಕೂತಿದ್ದಳು. ಗಾಳಿಯ ಎಳೆತಕ್ಕೆ ಕಟ್ಟಲು ಒಂದು ಕೈ ಬಿಡುವಂತಿರಲಿಲ್ಲ. ಕೂಗಿದ್ದು ಮಳೆಯಲ್ಲಿ ಕೊಚ್ಚಿಹೋಗಿತ್ತು. ಇತ್ತ ಅವಳು ಮಾತಾಡಿದಾಗಲೆಲ್ಲ ರೇಡಿಯೊದ ಶಕ್ತಿ ತಂತಿಯ ತುದಿಗೆ ಹರಿದು ಅಂಗೈಯನ್ನು ಚುರ್ರೆನ್ನಿಸಿ ಅವನನ್ನು ಧಡ್ಡನೆ ಕುಣಿಸುತ್ತಿತ್ತು. ಪವರ್ ಏರಿಸಿದ ಮೇಲಂತೂ ಕೇಳುವುದೇ ಬೇಡ!

ಮೂವರೂ ಸೇರಿ ಜಗ್ಗಿ, ತಂತಿಯನ್ನು ನೀರಿನ ಟಾಕಿಯ ಪೈಪಿಗೆ ಬಿಗಿದರು. ಕೈ ಬಿಟ್ಟು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಓಣಿಯ ದೀಪಗಳು ಫಕ್ಕನೆ ಹತ್ತಿಕೊಂಡವು.

ಕೆಳಗೆ ಬಂದು, ಅವನ ಕೆಂಪಾದ ಅಂಗೈಗೆ ತಣ್ಣೀರು ಸುರಿಯುತ್ತ ಸೂಗಮ್ಮ ಅತ್ತಳು, ಬೈದಳು. "ಸುಡಾಕತ್ತಿದ್ರ ಬಿಟ್ಟು ಕೆಳಗ ಬಂದು ಹೇಳಬಾರದೇನ್ರಿ?"

"ಬಿಟ್ಟಿದ್ರ, ಕೆಳಗ ಬಂದು ಯಾರಿಗಿ ಹೇಳ್ತಿದ್ದೆ?"

ಸೂಗಮ್ಮ ಅವನ ಅಂಗೈಗೆ ಇನ್ನೊಂದು ತಂಬಿಗೆ ನೀರು ಸುರಿದಳು.

ಗುಡುಗು ದೂರ ಸರಿದು, ಮಳೆ ನಿಂತ ಮೇಲೆ ಪೆಟ್ಟಿಗೆಗೆ ಮತ್ತೆ ತಂತಿ ಸಿಕ್ಕಿಸಿದಳು. ವಸೀಮ್ ಕಾಯುತ್ತಲೇ ಇದ್ದ. "ಮೇಡಂ, ದವಾಖಾನಿಗಿ ಒಯ್ದವ್ರು ಬ್ಯಾರೆ ಮಂದಿರಿ, ಮೊಳಕಾಲು ತರಚ್ಯಾದ ಅಷ್ಟೇ. ಗುರುಶಾಂತ ಸಾಹೇಬ್ರು ಇನ್ನಾ ಸಿಕ್ಕಿಲ್ರಿ. ಕಲಬುರಗಿ ತನಕ ಮಂದಿ ಹುಡುಕಾಕತ್ತಾರ: ಬೋಳತಲಿ, ಹೊಟ್ಟಿ, ಯಾರ ಮಾತೂ ಕೇಳಂಗಿಲ್ಲ. ಹೆಸರು ಬರೋಬ್ಬರಿ ಅದಲ್ರಿ? ನೀವು ಭಾಳ ಸಲ ಹೇಳಿದ್ರಿ. ಓವರ್."

ಗುರುಶಾಂತ ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದ. "ನೀ ನನ್ನ ಹೆಸರು ಹೇಳಿದಿ?"

ಸೂಗಮ್ಮ ನೆಲ ನೋಡುತ್ತ ತಲೆಯಾಡಿಸಿದಳು.

ಅವನು ಅಂಗೈ ನೋಡಿಕೊಂಡ, ಊದಿಕೊಂಡ. "ಗಂಡನ ಹೆಸರು ಬಾಯಾಗ ತಂದ್ರ ಗಂಡನ ಆಯುಷ್ಯ ಕಮ್ಮಿ ಆಗತದ ಅಂತ ನಮ್ಮವ್ವ ಹೇಳ್ತಿದ್ಳು. ನಾ ನಂಬಿದ್ದಿಲ್ಲ. ಒಂದೊಂದು ಸಲಕ್ಕ ಎಷ್ಟೆಷ್ಟು ಕಮ್ಮಿ ಆಗತದ ಅಂಬೋದು ಇವತ್ತ ಕೈಯಾಗೇ ಗೊತ್ತಾತು!"

ಸೂಗಮ್ಮ ಉತ್ತರ ಕೊಡಲು ಮೈಕಿನ ಗುಂಡಿಯತ್ತ ಬೆರಳು ಚಾಚಿದಳು. ಗುರುಶಾಂತ ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"'ಮನಿಯವ್ರು ಸಿಕ್ಕಾರ' ಅನ್ನು! ಅಷ್ಟೇ ಸಾಕು!"