ಮುಂದೆ ಆಗಿಹೋದ ಸಂಕ

ಸುಳ್ಯ ತಾಲೂಕಿನ ಕುಂಟಲಪಾದೆ ಗ್ರಾಮ ಪಂಚಾಯತಿಯಲ್ಲಿ, ಭವಿಷ್ಯವನ್ನು ಸಾಮೂಹಿಕವಾಗಿ ಕಲ್ಪಿಸಿಕೊಳ್ಳುವ ಕಾರ್ಯಾಗಾರವು ಕಳೆದ ವರ್ಷ ಶಾಂತಿಯುತವಾಗಿ ಜರುಗಿತು. ಪುತ್ತೂರಿನಿಂದ ಬಂದ ತರಬೇತುದಾರ ಕೃಷ್ಣಮೋಹನರು ಗ್ರಾಮಸ್ಥರನ್ನು ವೃತ್ತಾಕಾರವಾಗಿ ಕೂರಿಸಿ ಕಣ್ಣು ಮುಚ್ಚಿಸಿದರು.

"ಇಪ್ಪತ್ತು ವರ್ಷ ಕಳೆದಿದೆ. ಆಗಬೇಕು ಅಂತ ಹೇಳಬೇಡಿ. ಆಗಿದೆ ಅಂತಲೇ ಹೇಳಿ."

ಅಮ್ಮುವಿನ ಸರದಿ ಬಂತು. ಅವಳ ಮನೆಗೂ ಶಾಲೆಗೂ ನಡುವೆ ತೋಡೊಂದು ಹರಿಯುತ್ತದೆ; ದಾಟಲು ಸಂಕ, ಅಂದರೆ ಕಿರುಸೇತುವೆ, ಇರಲಿಲ್ಲ. ಮಳೆಗಾಲದಲ್ಲಿ ಗಂಡ ಬೋಜ ಮಗಳು ಪ್ರೀತಿಕಾಳನ್ನು ಹೆಗಲ ಮೇಲೆ ಕೂರಿಸಿ, ಅಡ್ಡ ಹಾಕಿದ ಅಡಿಕೆ ಮರದ ಮೇಲೆ ದಾಟಿಸುತ್ತಿದ್ದ. ಒಮ್ಮೆ ಅವನ ಕಾಲು ಜಾರಿ ಪುಸ್ತಕದ ಚೀಲ ನೀರುಪಾಲಾಗಿತ್ತು. ಮಗಳು ಉಳಿದದ್ದು ಅಪ್ಪನ ಕೂದಲು ಬಿಡದೆ ಹಿಡಿದದ್ದರಿಂದ.

"ನಮ್ಮ ತೋಡಿಗೆ ಸಂಕ ಆಗಿದೆ" ಎಂದಳು ಅಮ್ಮು. "ಸಿಮೆಂಟಿನ ಸಂಕ. ಹಿಡ್ಕೊಳ್ಳಲಿಕ್ಕೆ ಎರಡೂ ಬದಿ ಕಬ್ಬಿಣದ ಸರಳು ಉಂಟು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಭಿವೃದ್ಧಿ ಅಧಿಕಾರಿ ಸುದರ್ಶನರು, ಸಂಕ ಆಗಿದೆಯೆಂದು ನಡಾವಳಿಯಲ್ಲಿ ದಾಖಲಿಸಿದರು.

ಮರುವಾರ ಅಮ್ಮು ಸಂಕ ಕೇಳಲು ಪಂಚಾಯತಿಗೆ ಹೋದಳು.

"ಸಂಕ ಆಗಿದೆಯಲ್ಲ ಅಮ್ಮು?" ಎಂದರು ಸುದರ್ಶನರು.

"ಅದು ಕಲ್ಪನೆ ಅಲ್ವಾ ಸರ್?"

"ಸರ್ವಾನುಮತದ ಕಲ್ಪನೆ. ಇದ್ದ ಸಂಕದ ಮೇಲೆ ಇನ್ನೊಂದು ಕೊಡಲು ನಿಯಮದಲ್ಲಿ ಅವಕಾಶ ಇಲ್ಲ."

ಸುಸಜ್ಜಿತ ಸಂಕವಿರುವಾಗ ಸಾರ್ವಜನಿಕರು ಅಪಾಯಕಾರಿ ಮರದ ಮೇಲೆ ನಡೆಯುವುದು ಸೂಕ್ತವಲ್ಲವೆಂದು ಅಡಿಕೆ ಮರವನ್ನು ತೆಗೆಸಲಾಯಿತು. ‘ಸಂಕದ ಮೇಲೆ ಘನ ವಾಹನ ನಿಷೇಧಿಸಿದೆ’ ಎಂಬ ಫಲಕ ನಿಂತಿತು. ಈ ನಿಷೇಧವನ್ನು ಇದುವರೆಗೆ ಯಾರೂ ಉಲ್ಲಂಘಿಸಿಲ್ಲ. ಪ್ರೀತಿಕಾಳ ಶಾಲೆ ನಿಂತಿತು.

ಅಮ್ಮು ನೇರ ಅಧ್ಯಕ್ಷೆ ವಸುಮತಿಯವರ ಮನೆಗೆ ನಡೆದಳು. "ಅಕ್ಕಾ, ನೀವೊಮ್ಮೆ ಬಂದು ಆ ಸಂಕ ದಾಟಿ ತೋರಿಸಿ. ಆಮೇಲೆ ನಾನು ಮಾತಾಡುದಿಲ್ಲ."

ವಸುಮತಿ ಕರುಣಾಮಯಿ. ಈಜು ಬಾರದವರು. ಬಹಳ ಹೊತ್ತು ಯೋಚಿಸಿ ಹೇಳಿದರು: "ಆದ ಸಂಕ ಹೋಗಬೇಕು, ಅಮ್ಮು. ಅದು ಹೋಗದೆ ಹೊಸತು ಬರುದಿಲ್ಲ."

ಸಂಕವು ನೆರೆಯಲ್ಲಿ ಕೊಚ್ಚಿಕೊಂಡು ಹೋಗುವ ಸಲುವಾಗಿ ಎರಡನೆಯ ಕಾರ್ಯಾಗಾರ ಕರೆಯಲಾಯಿತು. ಜನರು ಕಣ್ಣು ಮುಚ್ಚಿ ನೆರೆಯನ್ನು ಕಲ್ಪಿಸಿಕೊಂಡರು. ಕೃಷ್ಣಮೋಹನರಿಗೆ ತೃಪ್ತಿಯಾಗಲಿಲ್ಲ.

"ನೀರು ಉಂಟು, ದುಃಖ ಇಲ್ಲ. ದುಃಖ ಇಲ್ಲದ ನೆರೆಯನ್ನು ಮೇಲಿನವರು ಒಪ್ಪುದಿಲ್ಲ."

ಬೋಜ ಎದ್ದು ನಿಂತ. "ಸಂಕದೊಟ್ಟಿಗೆ ನಾನೂ ಹೋದೆ ಅಂತ ಬರೀರಿ ಮಾರಾಯ್ರೆ. ಮಗಳು ಶಾಲೆಗೆ ಹೋದ್ರೆ ಸಾಕು."

ಅಮ್ಮು ನಿಜವಾಗಿಯೇ ಅತ್ತಳು. ಕೃಷ್ಣಮೋಹನರು ಅದನ್ನು ಮೆಚ್ಚಿಕೊಂಡರು. ನಿರ್ಣಯ ಅಂಗೀಕಾರವಾಯಿತು.

ಹಾನಿ ಪರಿಶೀಲನೆಗೆ ಬಂದ ಎಂಜಿನಿಯರು ತೋಡಿನ ಎರಡೂ ದಡ ನೋಡಿ ದಂಗಾದರು. "ಒಂದು ಕಲ್ಲೂ ಉಳಿದಿಲ್ಲ! ಇಷ್ಟು ಪೂರ್ಣವಾಗಿ ನಾಶವಾದ ಸಂಕವನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ." ದಾರಿ ತೋರಿಸಿದ ಬೋಜನಿಗೆ ಅವರು ಸಂತಾಪ ಸೂಚಿಸಿದರು.

ಈ ಮಳೆಗಾಲಕ್ಕೆ ಮುನ್ನ ‘ದಿವಂಗತ ಬೋಜ ಸ್ಮಾರಕ ಸಂಕ’ ಸಿದ್ಧವಾಯಿತು. ಉದ್ಘಾಟನೆಯ ದಿನ ಮೌನಾಚರಣೆಗೆ ಕರೆ ಬಂದಾಗ, ಬೋಜನೂ ಮಡಚಿ ಕಟ್ಟಿದ ಲುಂಗಿಯನ್ನು ಇಳಿಬಿಟ್ಟು ತಲೆ ತಗ್ಗಿಸಿ ನಿಂತ.

"ನೀನು ಸ್ವಲ್ಪ ಆಚೆ ನಿಲ್ಲು ಬೋಜ" ಎಂದು ಸುದರ್ಶನರು ಪಿಸುಗುಟ್ಟಿದರು. "ಮೃತರ ಕುಟುಂಬದ ಫೋಟೋ ತೆಗೀಲಿಕ್ಕುಂಟು."

ಬೋಜ ಸರಿದು ನಿಂತ. ಅಮ್ಮು ಟೇಪು ಕತ್ತರಿಸಿದಳು. ಪ್ರೀತಿಕಾ ಆಚೆ ದಡಕ್ಕೆ ಓಡಿ, ಈಚೆಗೆ ಓಡಿ, ಪುನಃ ಆಚೆಗೆ ಓಡಿದಳು. ಹೆಗಲು ಖಾಲಿಯಾದ ಬೋಜ ನೋಡುತ್ತಲೇ ಇದ್ದ.

ವಂದನಾರ್ಪಣೆಯನ್ನು ದಿವಂಗತರೇ ನೆರವೇರಿಸಿದರು.