ಹಿಡಿಯದ ಕಬಡ್ಡಿಯ ತೀರ್ಪುಗಾರ

ಮಕ್ಕಳು ದೇವರ ಸಮಾನ ಎಂದವನು ನಲವತ್ತು ಮಕ್ಕಳಿಗೆ ಒಂದೇ ಮೈದಾನದಲ್ಲಿ ಕಬಡ್ಡಿ ಆಡಿಸಿದವನಲ್ಲ. ಆಡಿಸಿದ್ದರೆ ಮಕ್ಕಳು ವಕೀಲರ ಸಮಾನ ಎನ್ನುತ್ತಿದ್ದ. ಎದುರಾಳಿ ಬೆನ್ನಿಗೆ ಗುದ್ದಿ ಹೋದರೂ "ಅಂಗಿಗೆ ತಾಗಿದ್ದು ಸರ್, ನಂಗಲ್ಲ" ಎಂದು ವಾದಿಸುವ ಒಂಬತ್ತು ವರ್ಷದ ಪ್ರಾಣಿಯಲ್ಲಿ ಯಾವ ದೇವರನ್ನು ಹುಡುಕುವುದು? ನಾನಂತೂ ಮೊದಲ ದಿನವೇ ತೀರ್ಮಾನಿಸಿಬಿಟ್ಟೆ: ಇವರೆಲ್ಲ ಸುಳ್ಳುಗಾರರು, ಇವರ ನಡುವೆ ಸತ್ಯ ಬಲ್ಲವನು ಸೀಟಿ ಹಿಡಿದ ನಾನೊಬ್ಬನೇ.

ಈ ಸೀಟಿ ನಾನಾಗಿ ಕೇಳಿದ್ದಲ್ಲ. ಹಾವೇರಿ ಕಡೆಯಿಂದ ಶಿರಸಿಯ ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತನಾಗಿ ವರ್ಗವಾಗಿ ಬಂದು ಆಗ ಮೂರು ತಿಂಗಳಾಗಿತ್ತು. ನಮ್ಮ ಬಡಾವಣೆಯವರು ಬೇಸಿಗೆ ರಜೆಯಲ್ಲಿ ಮೂರು ದಿನದ ಮಕ್ಕಳ ಶಿಬಿರ ಇಟ್ಟುಕೊಂಡರು. ಯಲ್ಲಾಪುರ, ಸಿದ್ದಾಪುರ ಕಡೆಯ ನೆಂಟರ ಮಕ್ಕಳೂ ಬಂದು ಸೇರಿದರು. ಕಾರ್ಯದರ್ಶಿಗಳು ನಮ್ಮ ಮನೆಗೇ ಬಂದು, "ಆಟ ಆಡ್ಸೋದು ನಿಮ್ಮ ಪಾಲಿಗೆ. ನೀವು ಫೋನಲ್ಲಿ ಮಾತಾಡಿದ್ರೆ ಮೂರು ಮನೆಗೆ ಕೇಳ್ತದೆ" ಎಂದರು. ಹೊಗಳಿಕೆಯೆಂದುಕೊಂಡು ಒಪ್ಪಿದೆ. ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು.

ಮಕ್ಕಳಾದರೂ ಪರವಾಗಿಲ್ಲ, ಪೋಷಕರ ಕಾಟ ಬೇಡ. ಗೆರೆಯ ಉದ್ದಕ್ಕೂ ಕುರ್ಚಿ ಹಾಕಿಕೊಂಡು, ಪ್ರತಿಯೊಬ್ಬರೂ ಒಂದು ನೀರಿನ ಬಾಟಲಿ, ಒಂದು ಟೊಪ್ಪಿಗೆ, ಒಂದು ದೂರು ಹಿಡಿದು ಕುಳಿತಿರುತ್ತಿದ್ದರು. ಎರಡನೇ ದಿನ ಅವರ ವಾಟ್ಸಾಪ್ ಗುಂಪಿನಲ್ಲಿ ಅಪ್ಪಣೆಯಾಯಿತು: ಮೈಕೈ ತರಚುತ್ತದೆ, ಆದ್ದರಿಂದ ಕಬಡ್ಡಿಯಲ್ಲಿ ಯಾರೂ ಯಾರನ್ನೂ ಹಿಡಿಯಕೂಡದು, ಬರೀ ಮುಟ್ಟಬೇಕು. ಎಣ್ಣೆಗೆ ಹಾಕದ ಮಿರ್ಚಿ ಬಜ್ಜಿಯನ್ನು ನಮ್ಮೂರಿನಲ್ಲಿ ಯಾರೂ ಮಿರ್ಚಿ ಎನ್ನುವುದಿಲ್ಲ. ಇಲ್ಲಿ ಹಿಡಿಯದ ಕಬಡ್ಡಿಗೆ ಫೈನಲ್ ಪಂದ್ಯ, ಮೇಲೊಂದು ಕಪ್ಪು!

ಫೈನಲ್ ಶಿರಸಿಯ ಮಕ್ಕಳಿಗೂ ಹೊರಗಿನಿಂದ ಬಂದ ಮಕ್ಕಳಿಗೂ. ಕೊನೆಯ ದಾಳಿಯ ಹೊತ್ತಿಗೆ ಎರಡೂ ತಂಡದ ಅಂಕ ಸರಿಸಮ. ಹೊರಗಿನವರ ಕಡೆ ಉಳಿದಿದ್ದವಳು ಯಲ್ಲಾಪುರ ಕಡೆಯ ನಂದೊಳ್ಳಿಯ ಶ್ರಾವ್ಯ ಒಬ್ಬಳೇ. ಹನ್ನೊಂದು ವರ್ಷದ ಹುಡುಗಿ, ಮೂರು ದಿನವೂ ಅವಳನ್ನು ಯಾರಿಗೂ ಮುಟ್ಟಲಾಗಿರಲಿಲ್ಲ. ಶಿರಸಿಯ ಕಡೆಯಿಂದ ಹೋದವನು ಲಾರಿ ಮಾಲೀಕರ ಮಗ ಸುಹೇಲ್. ಮುಟ್ಟಿ ಬಂದರೆ ಕಪ್ಪು ಅವರದು, ಬರಿಗೈಲಿ ಬಂದರೆ ಇಬ್ಬರಿಗೂ.

ಸರಿಯಾಗಿ ಆಗಲೇ ಒಬ್ಬ ತಾಯಿ ಮೈದಾನಕ್ಕೆ ನುಗ್ಗಿ ಮಗನ ತಲೆಗೆ ಟೊಪ್ಪಿಗೆ ತೊಡಿಸತೊಡಗಿದರು. ಅವರನ್ನು ಆಚೆ ಕಳಿಸಿ ತಿರುಗುವಷ್ಟರಲ್ಲಿ ಸುಹೇಲ್ ಗೆರೆ ದಾಟಿ ಬಂದಿದ್ದ, ಶ್ರಾವ್ಯ ಬಿದ್ದು ಮೊಣಕೈ ಹಿಡಿದುಕೊಂಡಿದ್ದಳು. ನೋಡಲಿಲ್ಲ ಎಂದು ತೀರ್ಪುಗಾರ ಒಪ್ಪಿಕೊಳ್ಳುವುದುಂಟೇ? ಗಂಭೀರವಾಗಿ ಅವಳನ್ನೇ ಕೇಳಿದೆ, "ಖರೆ ಹೇಳವಾ, ಮುಟ್ಟಿದನೇನು?"

ಮೊಣಕೈ ಬಿಡದೆ ಹುಡುಗಿ ಕೂಗಿದಳು, "ಇಲ್ಲೆ ಸರ್! ಇಲ್ಲೆ!"

ನನಗೆ ರೋಮಾಂಚನವಾಯಿತು. ಮುಟ್ಟಿದ ಜಾಗವನ್ನೇ ತೋರಿಸಿ, ತನ್ನ ತಂಡ ಸೋತರೂ ಸರಿ ಎಂದು ಸತ್ಯ ನುಡಿಯುವ ಮಗು! ಔಟ್ ಕೊಟ್ಟೆ. ಕಪ್ಪು ಸುಹೇಲನ ಕೈಗೆ ಹೋಯಿತು. ಮಕ್ಕಳನ್ನೆಲ್ಲ ಕೂರಿಸಿ, ಪೋಷಕರಿಗೂ ತಾಗಲಿ ಎಂದು, ಪ್ರಾಮಾಣಿಕತೆಯ ಮೇಲೆ ಹತ್ತು ನಿಮಿಷ ಮಾತಾಡಿದೆ. ಜೇಬಿನಲ್ಲಿದ್ದ ನನ್ನ ಒಳ್ಳೆಯ ಪೆನ್ನನ್ನೇ ಶ್ರಾವ್ಯಳಿಗೆ ಬಹುಮಾನ ಕೊಟ್ಟೆ. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತ್ಯಾಗದ ಕಣ್ಣೀರು ಎಂದುಕೊಂಡೆ.

ಅವಳು ಹೋಗಿ ತಾಯಿಯ ಸೆರಗು ಹಿಡಿದಳು. "ಆಯೀ, ಆನು ಇಲ್ಲೆ ಹೇಳೇ ಹೇಳ್ದಿ. ಸರ್ ಔಟ್ ಕೊಟ್ಟ!"

ತಾಯಿ ಎದ್ದು ಬಂದರು. ಸಿಟ್ಟೂ ನಗುವೂ ಒಟ್ಟಿಗೇ ಬಂದ ಮುಖ. "ಎಂತ ಮಾಡಿದ್ರಿ ಸರ್? ನಮ್ಮ ಮನೆ ಮಾತಲ್ಲಿ ಇಲ್ಲೆ ಅಂದ್ರೆ ಇಲ್ಲ ಅಂತ. ಮುಟ್ಟಲೇ ಇಲ್ಲ ಅಂದಿದ್ದು ಅದು."

ಕಚೇರಿಯಲ್ಲಿ ಎಲ್ಲರೂ ನನ್ನೊಡನೆ ಅರ್ಜಿಯ ಕನ್ನಡವನ್ನೇ ಆಡುತ್ತಾರೆ. ಇಲ್ಲಿಯವರ ಮನೆಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಲ್ಲ, ಸುಹೇಲನ ಕಡೆ ತಿರುಗಿದೆ. "ನೀ ಖರೇನ ಮುಟ್ಟಿದ್ದೇನೋ?"

"ಇಲ್ಲ ಸರ್."

"ಮತ್ತ ಆವಾಗ ಯಾಕ ಹೇಳಲಿಲ್ಲ?"

"ಹೇಳೋಕೆ ಬಂದೆ ಸರ್. ಪ್ರಾಮಾಣಿಕತೆ ಬಗ್ಗೆ ಮಾತಾಡೋವಾಗ ನಡುವೆ ಬಾಯಿ ಹಾಕ್ಬೇಡ ಅಂತ ನೀವೇ ಕೂರ್ಸಿದ್ರಿ."

ಯಾರೂ ಹೇಳದೆಯೇ ಅವನು ಕಪ್ಪಿನ ಒಂದು ಕಿವಿಯನ್ನು ಶ್ರಾವ್ಯಳ ಕೈಗೆ ಕೊಟ್ಟ. ನಾನು ಅವಳ ಕ್ಷಮೆ ಕೇಳಿದೆ. ಅವಳು ಮೂಗೊರೆಸಿಕೊಂಡು, ಪೆನ್ನನ್ನು ಮುಂದೆ ಚಾಚಿ, "ಇದು ವಾಪಸ್ ಕೊಡಕ್ಕಾ ಸರ್?" ಎಂದಳು.

ಇಟ್ಟುಕೋ ಎಂದೆ. ಸತ್ಯ ಹೇಳಿದವಳಿಗೆ ಕೊಟ್ಟದ್ದು, ಅವಳು ಹೇಳಿದ್ದೂ ಸತ್ಯವೇ. ಮೂರು ದಿನ ನಾನು ಕೊಟ್ಟ ತೀರ್ಪುಗಳಲ್ಲಿ ಖಂಡಿತವಾಗಿ ಸರಿಯಾದದ್ದು ಅದೊಂದೇ, ಅದೂ ನನಗೆ ಗೊತ್ತಿಲ್ಲದೆ ಆದದ್ದು.